ನಿನ್ನ ಹೆಂಡತಿ ಕಡಲಿನಿಂದ ಎದ್ದು ಬಂದಳು

ದುಮಗೆಟೆ
ಏಪ್ರಿಲ್ 24, 2018, ಮಂಗಳವಾರ

ಪ್ರೀತಿಯ ಮಗ ಫಾಬ್ಯಾನ್‌ಗೆ, ನಿನ್ನ ಅಮ್ಮನ ಮುತ್ತುಗಳು.

ಮೈ ಹೇಗಿದೆ? ಎಂಜಿನ್ ರೂಮಿನ ಸೆಕೆಗೆ ಕತ್ತಿನ ಸುತ್ತ ಎದ್ದಿದ್ದ ಬೆವರುಸಾಲೆ ಇಳಿಯಿತೇ? ಸೊಂಟನೋವಿಗೆಂದು ಕೊಟ್ಟು ಕಳಿಸಿದ ಎಣ್ಣೆಯನ್ನು ನೀನೇ ಹಚ್ಚಿಕೊಳ್ಳುತ್ತಿದ್ದೀಯೋ, ಕಳೆದ ಸಲದ ಹಾಗೆ ಹಡಗಿನ ಅಡುಗೆಯವನಿಗೆ ದಾನ ಮಾಡಿದೆಯೋ? ನಾನು ಚೆನ್ನಾಗಿದ್ದೇನೆ. ಹೋದ ವಾರ ನನ್ನ ರಕ್ತದೊತ್ತಡ ನೋಡಿದ ಡಾಕ್ಟರಮ್ಮ, ಇಷ್ಟು ಚೆನ್ನಾಗಿರಲು ಯಂತ್ರವೇ ಕೆಟ್ಟಿದೆಯೇನೋ ಎಂದು ಇನ್ನೊಂದು ಸಲ ಪಟ್ಟಿ ಸುತ್ತಿದಳು. ಅಂಗಳದ ಮಾವು ಈ ವರ್ಷ ಹೇಳಿಕೊಳ್ಳುವಂತೆ ಬಿಟ್ಟಿದೆ. ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ನಿನ್ನ ದನಿ ನೀರಿಗೆ ಬಿದ್ದ ಹಾಗೆ ಕರಗಿಹೋಗುತ್ತದೆ, ಆದ್ದರಿಂದ ಈ ಕಾಗದ. ಕೂತು ಓದು. ಎಂಜಿನ್ ಹತ್ತಿರ ನಿಂತು ಓದಬೇಡ.

ಒಂದು ವರ್ಷದಿಂದ ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೆವು. ನಿನ್ನ ಹೆಂಡತಿ ಡೆಲಿಸ್ ಹೋದ ಏಪ್ರಿಲ್‌ನಲ್ಲಿ ಇಲ್ಲಿನ ಟ್ರಯಥ್ಲಾನ್‌ಗೆ ಹೆಸರು ಕೊಟ್ಟಿದ್ದಳು. ಒಂದೂವರೆ ಕಿಲೋಮೀಟರು ಕಡಲಲ್ಲಿ ಈಜಿ, ಎದ್ದು ನಲವತ್ತು ಕಿಲೋಮೀಟರು ಸೈಕಲ್ ತುಳಿದು, ಇಳಿದ ಕೂಡಲೇ ಹತ್ತು ಕಿಲೋಮೀಟರು ಓಡುವುದು. ಈ ಹುಚ್ಚು ಹೇಗೆ ಹತ್ತಿತು ಎಂದರೆ, ಒಂದು ಬೆಳಗ್ಗೆ ಅವಳು ಎಂದಿನಂತೆ ಬೇಕರಿಯಿಂದ ಬ್ರೆಡ್ಡಿನ ಎರಡು ಬುಟ್ಟಿ ಸೈಕಲ್ಲಿಗೆ ಕಟ್ಟಿಕೊಂಡು ಗುಡ್ಡದೂರು ವಲೆನ್ಸಿಯಾದ ಏರು ಹತ್ತುತ್ತಿದ್ದಾಗ, ಮಿರುಗುವ ಬಟ್ಟೆಯ ನಾಲ್ಕು ಜನ ರೇಸ್ ಸೈಕಲಿನವರು ಹಿಂದಿನಿಂದ ಬಂದರಂತೆ. ಮೂವರು ಮುಂದೆ ಹೋದರು. ನಾಲ್ಕನೆಯವನನ್ನು ಇವಳು ಬುಟ್ಟಿಯ ಸಮೇತ ಹಿಂದೆ ಹಾಕಿದಳು. ಅವನು ಏದುಸಿರು ಬಿಡುತ್ತ, "ಅಕ್ಕಾ, ನೀವು ಯಾವ ಟೀಮು?" ಎಂದು ಕೇಳಿದನಂತೆ. ಹನ್ನೆರಡು ವರ್ಷ ಬ್ರೆಡ್ಡು ಹೊತ್ತ ಕಾಲುಗಳು ಮಗನೇ, ಅವಕ್ಕೆ ಟೀಮು ಎಲ್ಲಿಂದ ಬರಬೇಕು. ಆದರೆ ಆ ಪ್ರಶ್ನೆ ಅವಳ ತಲೆಯೊಳಗೆ ಕೂತುಬಿಟ್ಟಿತು.

ನಾನು ಬೇಡವೆಂದೆ, ಒಳ್ಳೆಯ ಮಾತಿನಲ್ಲಿ ಅಲ್ಲ. ನಿನ್ನ ಅಪ್ಪನ ದೋಣಿ ಅವನಿಲ್ಲದೆ ದಡ ಸೇರಿದ ದಿನದಿಂದ ಇಪ್ಪತ್ತಾರು ವರ್ಷ ನಾನು ಕಡಲಿಗೆ ಪಾದ ತೋಯಿಸಿರಲಿಲ್ಲ ಎಂಬುದು ನಿನಗೆ ಗೊತ್ತು. ಗಂಡ ಹೋದ, ಮಗ ಹಡಗು ಹತ್ತಿದ, ಇನ್ನು ಮನೆಯಲ್ಲಿ ಉಳಿದಿರುವ ಸೊಸೆಯನ್ನೂ ಅದರ ಬಾಯಿಗೆ ಹಾಕಲೇ? ಅವಳು ಕೇಳಲಿಲ್ಲ. ಹೋದ ವರ್ಷ ಮುನ್ನೂರು ಮೀಟರು ಹೋಗಿರಬೇಕು, ಕೈ ಎತ್ತಿದಳು, ರಕ್ಷಣಾ ದೋಣಿಯವರು ಎಳೆದು ತಂದರು. ದಡದಲ್ಲಿ ಟವೆಲ್ ಹೊದ್ದು ಕೂತು ಒಂದೇ ಮಾತು ಹೇಳಿದಳು: "ಫಾಬ್ಯಾನ್‌ಗೆ ಹೇಳ್ಬೇಡಿ ಅಮ್ಮಾ." ಬೀದಿಗೆ ಯಾರೂ ಹೇಳಬೇಕಾಗಿರಲಿಲ್ಲ. ಎದುರಂಗಡಿಯ ಚೋಲಿಂಗ್ ಒಂದು ತಿಂಗಳು ನನ್ನನ್ನು ಕಂಡಾಗಲೆಲ್ಲ, "ಏನ್ ಕಾಂದಿಂಗ್, ನಿನ್ ಸೊಸೆಗೆ ಈಜೋದಕ್ಕಿಂತ ದೋಣಿ ಸವಾರೀನೇ ಇಷ್ಟ ಅಂತೆ" ಎನ್ನುತ್ತಿದ್ದಳು. ಅಲ್ಲಿಯವರೆಗೆ ಈಜು ಬೇಡ ಎನ್ನುತ್ತಿದ್ದವಳು ನಾನೇ. ಚೋಲಿಂಗ್ ನಕ್ಕ ಮೇಲೆ ಮಾತ್ರ ನನ್ನ ಹೊಟ್ಟೆ ಉರಿಯಿತು. ನಮ್ಮ ಮನೆಯವಳನ್ನು ಬೈಯಬೇಕಾದರೆ ನಾನು ಬೈಯುತ್ತೇನೆ, ಸೋಪು ಮಾರುವವಳಿಗೇನು ಕೆಲಸ?

ಪುರಿಂಗ್ ಟೀಚರ್ ನಿನಗೆ ನೆನಪಿರಬೇಕು, ಶಾಲೆಯಲ್ಲಿ ನಿನಗೆ ಆಟ ಕಲಿಸುತ್ತಿದ್ದವಳು. ಈಗ ನಿವೃತ್ತಳು, ಸೀಟಿ ಮಾತ್ರ ಕೊರಳಿನಿಂದ ಇಳಿದಿಲ್ಲ. ಅವಳೇ ಮನೆಗೆ ಬಂದು, "ಕಾಲು ಇದೆ, ಎದೆ ಇದೆ, ಉಸಿರು ಬಿಡೋಕೆ ಮಾತ್ರ ಬರಲ್ಲ. ಅದನ್ನ ನಾನು ಕಲಿಸ್ತೀನಿ" ಎಂದು ವಾರದ ಪಟ್ಟಿಯನ್ನು ನಮ್ಮ ಫ್ರಿಜ್ಜಿಗೆ ಅಂಟಿಸಿದಳು. ಬ್ರೆಡ್ಡು ಹಂಚಿ ಬಂದ ಮೇಲೆ ಈಜು, ಎರಡು ದಿನ ಏರಿನ ಸೈಕಲ್, ಎರಡು ದಿನ ಓಟ, ಶನಿವಾರ ಸೈಕಲ್ ಇಳಿದ ಕೂಡಲೇ ಓಟ. ಸೋಮವಾರದ ಎದುರು "ವಿಶ್ರಾಂತಿ" ಎಂದು ಬರೆದು ಕೆಳಗೆ ಮೂರು ಗೆರೆ ಎಳೆದಿದ್ದಳು. ಆ ಮೂರು ಗೆರೆಗಳನ್ನು ಕಾಯುವ ಕೆಲಸ ನನ್ನದಾಯಿತು, ಯಾಕೆಂದರೆ ನಿನ್ನ ಹೆಂಡತಿ ಸೋಮವಾರವೂ ಕದ್ದು ಓಡುವವಳು. ಶನಿವಾರಗಳಂದು ಸೈಕಲ್ ಇಳಿದು ಓಡಲು ಹೊರಟರೆ ಅವಳ ಕಾಲು ಮರದ ಕೊರಡಿನಂತಾಗಿ, ಎರಡು ತಿಂಗಳು ಬಾತುಕೋಳಿಯ ಹಾಗೆ ಓಡಿದಳು. ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಆದರೆ ಕಷ್ಟ ಇದ್ದದ್ದು ನೀರಿನಲ್ಲಿ. ತಿಳಿನೀರು ಇರುವವರೆಗೆ ಚೆನ್ನಾಗಿಯೇ ಈಜುವಳು. ಕೆಳಗೆ ಮರಳು ಮುಗಿದು ಆಳ ಶುರುವಾಗಿ ನೀರು ಕಪ್ಪಾಗುವ ಅಂಚು ಬಂತೋ, ಗಿರಕ್ಕನೆ ತಿರುಗಿಬಿಡುವಳು. "ಕೆಳಗೆ ಏನೂ ಕಾಣ್ಸಲ್ಲ ಅಮ್ಮಾ, ಆಗ ಉಸಿರು ಇಲ್ಲೇ ಸಿಕ್ಕೊಳ್ಳುತ್ತೆ" ಎಂದು ಗಂಟಲು ಮುಟ್ಟಿ ತೋರಿಸುತ್ತಿದ್ದಳು. ಜೂನ್ ಹೋಯಿತು, ಆಗಸ್ಟ್ ಹೋಯಿತು. ಪುರಿಂಗ್ ಟೀಚರ್ ಬೈದಳು, ಮುದ್ದು ಮಾಡಿದಳು, ತಾನೇ ಮುಂದೆ ಈಜಿ ತೋರಿಸಿದಳು. ಅಕ್ಟೋಬರ್‌ನ ಒಂದು ಬೆಳಗ್ಗೆ ಡೆಲಿಸ್ ಐದನೆಯ ಸಲ ವಾಪಸು ಬಂದು ಮರಳ ಮೇಲೆ ಕೂತು ಮುಖ ಮುಚ್ಚಿಕೊಂಡಳು. ನಾನು ಟವೆಲ್ ಹಿಡಿದು ದಡದಲ್ಲಿ ನಿಂತಿದ್ದೆ. ಆಗ ನನಗೆ ಏನಾಯಿತೋ ಗೊತ್ತಿಲ್ಲ ಮಗನೇ. ಕರುಣೆ ಅಂತ ಬರೆದರೆ ಚಂದ, ಆದರೆ ಬಂದದ್ದು ಸಿಟ್ಟು, ಆ ಕಡಲಿನ ಮೇಲೆ. ಚಪ್ಪಲಿ ಬಿಟ್ಟು, ಉಟ್ಟ ಮನೆಯುಡುಪಿನಲ್ಲೇ ನೀರಿಗೆ ಇಳಿದೆ. ಮೊಣಕಾಲು, ಸೊಂಟ, ಎದೆ. ಉಡುಪು ಸುತ್ತಲೂ ಛತ್ರಿಯ ಹಾಗೆ ಅರಳಿ ತೇಲಿತು. ಪುರಿಂಗ್ ಟೀಚರ್ ಓಡಿ ಬಂದು ನನ್ನ ತೋಳು ಹಿಡಿದುಕೊಂಡಳು. ಇಳಿತದ ಹೊತ್ತು, ಕಪ್ಪು ನೀರಿನ ಅಂಚಿಗೆ ಸರಿಯಾಗಿ ಹೋಗಿ ನಿಂತು ಕೂಗಿದೆ: "ಬಾರೇ ಇಲ್ಲಿಗೆ. ಎಪ್ಪತ್ತೆರಡರ ಮುದುಕಿ ನಿಂತಿದೀನಿ, ನಿಂಗೇನ್ ಬಂತು ದೊಡ್ಡ ರೋಗ?"

ಅವಳು ಎದ್ದು ನೋಡಿದಳು. ನಂತರ ಈಜಿ ಬಂದಳು, ನನ್ನನ್ನು ಮುಟ್ಟಿದಳು, ನನ್ನ ಭುಜ ಹಿಡಿದುಕೊಂಡು ಕೆಮ್ಮುತ್ತ ನಕ್ಕಳು. "ಈಗ ನನ್ನ ಸುತ್ತು ಹಾಕು" ಎಂದೆ. ನನ್ನ ಹಿಂದೆ ಕಪ್ಪು ನೀರೇ ಇತ್ತು. ಸುತ್ತು ಹಾಕಿದಳು. ಮರುದಿನ ಎರಡು, ಅದರ ಮರುವಾರ ಹತ್ತು. ನವೆಂಬರ್‌ನಲ್ಲಿ ಊರ ಸಂತ ಕತಾಲಿನಾ ಹಬ್ಬ ಬರುವ ಹೊತ್ತಿಗೆ ನನ್ನನ್ನು ಅಲ್ಲೇ ನಿಲ್ಲಿಸಿ, ಮೀನುಬುಟ್ಟಿ ಮುಳುಗಿಸಿದಲ್ಲಿ ಮೀನುಗಾರರು ತೇಲಿಬಿಟ್ಟ ಗುರುತಿನವರೆಗೂ ಹೋಗಿ ಬರುತ್ತಿದ್ದಳು.

ಇನ್ನು ಊಟದ ಕಥೆ. ಸ್ಪರ್ಧೆಯ ದಿನ ಹೊಸದೇನೂ ತಿನ್ನಬಾರದು, ಮೊದಲೇ ಹೊಟ್ಟೆಗೆ ಪರೀಕ್ಷೆ ಕೊಡಿಸಬೇಕು ಎನ್ನುವುದು ಟೀಚರ್ ನಿಯಮ. ನಾನು ತೆಂಗಿನ ಹಾಲಿನಲ್ಲಿ ಅಂಟು ಅಕ್ಕಿ ಬೇಯಿಸಿ ಪ್ರೀತಿಯಿಂದ ತಿನ್ನಿಸಿದೆ. ಆರನೆಯ ಕಿಲೋಮೀಟರಿಗೆ ನಿನ್ನ ಹೆಂಡತಿ ದಾರಿ ಬಿಟ್ಟು ಬಿದಿರು ಮೆಳೆ ಹುಡುಕಿಕೊಂಡು ಹೋದಳು. ಕೊನೆಗೆ ಗೆದ್ದದ್ದು ಬೇಯಿಸಿದ ಸಾಬಾ ಬಾಳೆಹಣ್ಣು. ಬಾಯಿಗೊಂದು ಎನ್ನುವಂತೆ ತುಂಡು ಮಾಡಿ, ಉಪ್ಪು ಸವರಿ, ಅಂಗಿಯ ಬೆನ್ನಿನ ಜೇಬಿಗೆ ಹಾಕಿ ಕಳಿಸಿದರೆ ಇಡೀ ದಾರಿಗೆ ಸಾಕು. ಅಂಗಳದ ಬೆಂಚಿನ ಮೇಲೆ ಶೂ, ಹೆಲ್ಮೆಟ್, ಮಡಿಸಿದ ಸಾಕ್ಸ್ ಜೋಡಿಸಿಟ್ಟು, ಮೈ ಒದ್ದೆ ಇರುವಾಗಲೇ ಅವನ್ನೆಲ್ಲ ಹಾಕಿಕೊಂಡು ಸೈಕಲ್ ಹತ್ತುವ ಅಭ್ಯಾಸವನ್ನು ನಾನೇ ಗಡಿಯಾರ ಹಿಡಿದು ಮಾಡಿಸಿದೆ. ನೀರನ್ನು ಬಿಂದಿಗೆಯಿಂದ ತಲೆಗೆ ಸುರಿಯುತ್ತಿದ್ದವಳೂ ನಾನೇ. ನಾಲ್ಕು ನಿಮಿಷ ಇದ್ದದ್ದು ಒಂದೂವರೆಗೆ ಇಳಿಯಿತು. ಸ್ಪರ್ಧೆಗೆ ಮುಂಚಿನ ಹತ್ತು ದಿನ, ದಣಿವು ಆರಲೆಂದು ಅಭ್ಯಾಸವನ್ನೆಲ್ಲ ಅರ್ಧಕ್ಕರ್ಧ ಕಡಿಮೆ ಮಾಡಿದಾಗ ಮಾತ್ರ ಮನೆಯಲ್ಲಿ ಇರುವುದು ಕಷ್ಟವಾಯಿತು. ಕೈಕಾಲು ಸುಮ್ಮನಿರದೆ ಪರದೆಗಳನ್ನೆಲ್ಲ ಒಗೆದಳು, ಹಂದಿಗೂಡು ಉಜ್ಜಿದಳು, ಮಾಡಿಗೆ ಏಣಿ ಹಾಕಿದಳು. ಟೀಚರ್ ಬಂದು ಏಣಿ ಕಿತ್ತುಕೊಂಡು, "ಗದ್ದೆ ಉತ್ತ ಎಮ್ಮೇನೂ ಕೆಸರಲ್ಲಿ ಬಿದ್ಕೊಳ್ಳೋಕೆ ಬಿಡ್ತಾರೆ ಮಗಳೇ. ಕೂತ್ಕೋ" ಎಂದಳು. ಕೂತಳು, ನನ್ನ ತಲೆ ತಿನ್ನುತ್ತ.

ಮೊನ್ನೆ ಭಾನುವಾರ ಬೆಳಗ್ಗೆ ಆರಕ್ಕೆ ಕಡಲದಂಡೆಯ ರಸ್ತೆ ಬುಲೆವಾರ್ಡಿನ ಎದುರು ಮುನ್ನೂರು ಜನ ನೀರಿಗೆ ಹಾರಿದರು. ಹೆಂಗಸರಿಗೆ ಗುಲಾಬಿ ಟೋಪಿ. ಗುಲಾಬಿ ಟೋಪಿಗಳನ್ನು ಎಣಿಸುತ್ತ ನಿಂತವಳಿಗೆ ಎರಡೇ ನಿಮಿಷದಲ್ಲಿ ಯಾವುದು ನಮ್ಮದು ಎಂಬುದು ತಪ್ಪಿಹೋಯಿತು. ಕಾಲು ಗಂಟೆ ಕಳೆದಿತ್ತು. ರಕ್ಷಣಾ ದೋಣಿ ತಿರುಗಿತು. ಒಂದು ಗುಲಾಬಿ ಟೋಪಿಯನ್ನು ಮೇಲೆತ್ತಿದರು. ಪಕ್ಕದಲ್ಲಿದ್ದ ಚೋಲಿಂಗ್ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು, "ಅವಳಲ್ಲ, ಅವಳಲ್ಲ, ಅದು ದಪ್ಪಗಿದೆ" ಎಂದಳು. ಆ ಹೆಂಗಸಿಗೆ ಒಳ್ಳೆಯದಾಗಲಿ, ನಾನು ದೇವರಿಗೆ ಕೈ ಮುಗಿದೆ. ದೋಣಿ ದಡಕ್ಕೆ ಬಂತು, ಇಳಿದವಳು ಬೇರೆ ಯಾರೋ.

ಅಲ್ಲಿ ಏನು ನಡೆದಿತ್ತೆಂದು ಡೆಲಿಸ್ ಆಮೇಲೆ ಹೇಳಿದಳು. ಮೊದಲ ನೂರು ಮೀಟರಿನಲ್ಲೇ ಯಾರದೋ ಹಿಮ್ಮಡಿ ತಾಗಿ ಅವಳ ಈಜು ಕನ್ನಡಕ ಹಾರಿಹೋಗಿತ್ತು. ಕಣ್ಣು ಉರಿ, ಸುತ್ತಲೂ ಕೈಕಾಲು, ಕೆಳಗೆ ಅದೇ ಕಪ್ಪು. ಕೈ ಎತ್ತೋಣ ಅನ್ನಿಸಿತಂತೆ. ಎತ್ತಲಿಲ್ಲ. ಬೆನ್ನ ಮೇಲೆ ಮಲಗಿ ಹತ್ತು ಉಸಿರು ಎಣಿಸಿದಳು, ತಿರುಗಿದಳು, ಹತ್ತು ಸಲ ಕೈ ಬೀಸಿದಾಗೊಮ್ಮೆ ತಲೆ ಎತ್ತಿ ಚರ್ಚಿನ ಗಂಟೆಗೋಪುರ ನೋಡಿಕೊಂಡು ದಿಕ್ಕು ಹಿಡಿದಳು. ನಲವತ್ತಾರನೆಯ ನಿಮಿಷಕ್ಕೆ ದಡಕ್ಕೆ ಬಂದಳು. ಕೊನೆಯಿಂದ ಒಂಬತ್ತನೆಯವಳು. ಕಣ್ಣು ಮೆಣಸಿನಕಾಯಿಯ ಹಾಗೆ ಕೆಂಪು. ನನ್ನ ಮುಂದೆ ಓಡಿಹೋಗುತ್ತ, "ಬಂದೆ ಅಮ್ಮಾ" ಎಂದಳು, ಸಂತೆಯಿಂದ ಬಂದವಳ ಹಾಗೆ.

ಮುಂದಿನದು ವಲೆನ್ಸಿಯಾದ ಏರು ಸಾಕಿದ ಕಾಲುಗಳ ಕೆಲಸ. ಟೀಚರ್ ತಮ್ಮನ ಮಗನ ಹಳೆಯ ರೇಸ್ ಸೈಕಲ್ ಹತ್ತಿ ದಾವಿನ್ ಕಡೆಗೆ ಹೊರಟವಳು, ವಾಪಸು ಬರುವಷ್ಟರಲ್ಲಿ ಅರವತ್ತೊಂದು ಜನರನ್ನು ಹಿಂದೆ ಹಾಕಿದ್ದಳು. ಬುಟ್ಟಿ ಇಲ್ಲದ ಸೈಕಲ್ಲು ಹಗುರಾಗಿ ಎಲ್ಲಿ ಹಾರಿಹೋಗುತ್ತದೋ ಎಂದು ಹೆದರಿಕೆಯಾಗುತ್ತಿತ್ತಂತೆ. ಓಟ ಶುರುವಾಗುವ ಹೊತ್ತಿಗೆ ಬಿಸಿಲು ಏರಿತ್ತು. ಚೋಲಿಂಗ್ ಅಂಗಡಿಯ ಐಸನ್ನೆಲ್ಲ ಬಕೆಟ್ಟಿಗೆ ತುಂಬಿ ತಂದು, ಪಕ್ಕದಲ್ಲಿ ಓಡುತ್ತ ಅವಳ ಕತ್ತಿಗೆ ಸುರಿದು, "ಓಡೇ, ಓಡು, ನಾನು ಬೀದಿಯವರ ಮುಂದೆ ಮುಖ ಎತ್ಕೊಂಡು ತಿರುಗ್ಬೇಕು" ಎಂದು ಕಿರುಚುತ್ತಿದ್ದಳು. ಹೋದ ವರ್ಷ ನಕ್ಕವಳು ಇವಳೇ ಎಂದು ನೆನಪಿಸಲು ಅದು ಹೊತ್ತಲ್ಲ ಎಂದು ಸುಮ್ಮನಾದೆ. ನಿನ್ನೆ ನೆನಪಿಸಿದೆ.

ಅವಳ ವಯಸ್ಸಿನ ಗುಂಪಿನಲ್ಲಿ ಮೊದಲನೆಯವಳು ಆಗಲೇ ಗುರಿ ಮುಟ್ಟಿ ನೀರು ಕುಡಿಯುತ್ತಿದ್ದಳು. ಎರಡನೆಯವಳು ಸೆಬುವಿನ ಹಲ್ಲಿನ ಡಾಕ್ಟರ್, ಎತ್ತರದ ಹೆಂಗಸು. ಬುಲೆವಾರ್ಡಿನ ಅಕೇಶಿಯಾ ಮರಗಳ ಕೆಳಗೆ ಇಬ್ಬರೂ ಕಾಣಿಸಿಕೊಂಡಾಗ ನಡುವೆ ಮೂವತ್ತು ಹೆಜ್ಜೆ ಇತ್ತು. ಬಾತುಕೋಳಿ ಓಟ ಎಲ್ಲಿ ಹೋಯಿತೋ, ನಿನ್ನ ಹೆಂಡತಿ ನೇರ ಬೆನ್ನಿನಲ್ಲಿ ಬಂದಳು. ಹತ್ತು ಹೆಜ್ಜೆ ಉಳಿಯಿತು, ಪಕ್ಕಕ್ಕೆ ಬಂದಳು, ದಾಟಿದಳು. ನಲವತ್ತಮೂರನೆಯ ವಯಸ್ಸಿನಲ್ಲಿ, ಹನ್ನೆರಡು ಸೆಕೆಂಡಿನ ಅಂತರದಲ್ಲಿ, ಎರಡನೆಯ ಸ್ಥಾನ. ಆ ಡಾಕ್ಟರ್ ಹೆಂಗಸು ಒಳ್ಳೆಯವಳು, ಬಗ್ಗಿ ಉಸಿರು ಎಳೆಯುತ್ತಲೇ ಅಪ್ಪಿಕೊಂಡು "ನಿಮ್ಮ ಕೋಚ್ ಯಾರು?" ಎಂದು ಕೇಳಿದಳು. ಡೆಲಿಸ್ ನಮ್ಮಿಬ್ಬರ ಕಡೆ ಕೈ ತೋರಿಸಿ, "ಅವರು ಈಜು ಕಲಿಸಿದೋರು, ಇವರು ನೀರಲ್ಲಿ ನಿಂತೋರು" ಎಂದಳು. ನನಗೆ ಆಮೇಲೆ ಸ್ವಲ್ಪ ಹೊತ್ತು ಏನೂ ಸರಿಯಾಗಿ ಕಾಣಲಿಲ್ಲ. ಬಿಸಿಲು ಎಂದು ಹೇಳಿದೆ.

ಅಕ್ಟೋಬರ್‌ನಲ್ಲಿ ಸುಬಿಕ್‌ನಲ್ಲಿ ದೇಶದ ಮಟ್ಟದ ಸ್ಪರ್ಧೆಯಂತೆ, ನಮ್ಮ ಪ್ರಾಂತ್ಯದಿಂದ ಇವಳ ಹೆಸರು ಹೋಗಿದೆ. ಪದಕವನ್ನು ನಿನ್ನ ಫೋಟೋದ ಮೊಳೆಗೇ ನೇತು ಹಾಕಿದ್ದೇವೆ, ನಿನ್ನ ಮುಖ ಅರ್ಧ ಮುಚ್ಚಿದೆ, ಬೇಸರ ಮಾಡಿಕೊಳ್ಳಬೇಡ. ಫೋನ್ ಸಿಕ್ಕಿದಾಗ ಅವಳೇ ಹೇಳುತ್ತಾಳೆ, ಆಗ ಏನೂ ಗೊತ್ತಿಲ್ಲದವನ ಹಾಗೆ ಆಶ್ಚರ್ಯಪಡು.

ಹೊತ್ತಿಗೆ ಸರಿಯಾಗಿ ಉಣ್ಣು, ಬೆವರಿದ ಮೈಯಲ್ಲಿ ಫ್ಯಾನಿನ ಎದುರು ಮಲಗಬೇಡ. ಸಂತ ಕತಾಲಿನಾ ನಿನ್ನ ಹಡಗಿನ ಎರಡೂ ಮಗ್ಗುಲಲ್ಲಿ ಇರಲಿ, ನೀನಿರುವ ನೀರು ತಣ್ಣಗಿರಲಿ. ಪುರಿಂಗ್ ಟೀಚರ್ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ನಿನ್ನ ಒಳಿತನ್ನೇ ಬೇಡುವ ತಾಯಿ,
ಕಾಂದೆಲಾರಿಯಾ

ತಾ.ಕ.: ಹಡಗಿನ ಕೆಲಸಕ್ಕೆ ಹೊರಟ ಅನಿಸೆತೋ ಬಾಗಿಲಲ್ಲಿ ನಿಂತಿದ್ದಾನೆ, ಸಿಂಗಪುರದಲ್ಲಿ ನಿನ್ನ ಹಡಗಿಗೇ ಸೇರುತ್ತಾನೆ, ಇದನ್ನು ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಕಾಗದದೊಳಗೆ ಮಡಿಸಿಟ್ಟ ಒಂದು ಫಾರಂ ಇದೆ ನೋಡು. ಆಗಸ್ಟ್‌ನಲ್ಲಿ ಇಲ್ಲಿ ಕಡಲ ಈಜು ಇದೆ, ಇನ್ನೂರು ಮೀಟರಿನದು, ಎಪ್ಪತ್ತು ದಾಟಿದವರಿಗೆ ಬೇರೆ ಗುಂಪು. ಇಲ್ಲಿಯವರೆಗೆ ಹೆಸರು ಕೊಟ್ಟಿರುವವಳು ನಾನೊಬ್ಬಳೇ. ಜನವರಿಯಿಂದ ಟೀಚರ್ ನನಗೂ ಕಲಿಸುತ್ತಿದ್ದಾಳೆ, ಹೋದ ಗುರುವಾರ ನೂರ ಎಂಬತ್ತು ಮೀಟರು ಈಜಿದೆ. ಆ ವಯಸ್ಸಿನವರಿಗೆ ಮನೆಯವರ ಒಪ್ಪಿಗೆ ಬೇಕಂತೆ. ಡೆಲಿಸ್, "ನಿಮ್ಮ ಮಗ ಹೂಂ ಅಂದ್ರೆ ನಂದೂ ಹೂಂ" ಎಂದು ಜಾರಿಕೊಂಡಿದ್ದಾಳೆ. ಕೆಳಗಡೆ ಚುಕ್ಕೆ ಗೆರೆ ಇರುವಲ್ಲಿ ಸಹಿ ಮಾಡಿ ಬೇಗ ಕಳಿಸು, ಯೋಚಿಸುತ್ತ ಕೂರಬೇಡ.