ಟೋಬಿಯ ಎಡಗಡೆ

೧೨ ನವೆಂಬರ್, ಬುಧವಾರ. ಕ್ರೋಯ್ಡನ್.

ಗೆದ್ದೆವು. ಬಾಯಿ ಮಾತ್ರ ಇನ್ನೂ ಕಹಿಯಾಗಿದೆ.

ಇವತ್ತಿನ ಪಂದ್ಯ ನನ್ನ ಹಳೆಯ ಯೂನಿವರ್ಸಿಟಿಯ ಫುಟ್‌ಬಾಲ್ ತಂಡದ ಮೇಲೆಯೇ. ಆರು ವರ್ಷ ಆ ಹುಡುಗರ ಕೋಚ್ ಆಗಿದ್ದೆ. ಹೋದ ವರ್ಷ ಮೇಲಿಂದ ಮೇಲೆ ಸೋತದ್ದಕ್ಕೆ ತೆಗೆದುಹಾಕಿದರು. ಈ ಹೊಸ ಕಾಲೇಜಿನಲ್ಲಿ ನಾನು ಅನಲಿಸ್ಟ್. ಮೈದಾನಕ್ಕೆ ಇಳಿಯುವಂತಿಲ್ಲ, ಆಟಗಾರರಿಗೆ ಏನೂ ಹೇಳುವಂತಿಲ್ಲ. ಮೇಲೆ ಗ್ಯಾಲರಿಯಲ್ಲಿ ಕುಳಿತು ವಿಡಿಯೊ ನೋಡಿ ಎದುರಾಳಿಗಳ ಹುಳುಕು ಹುಡುಕಬೇಕು. ಹೆಸರಿಗೆ ಅನಲಿಸ್ಟ್, ಕೆಲಸ ಚಾಡಿ ಹೇಳುವುದು.

ಸೋಮವಾರ ಹೆಡ್ ಕೋಚ್ ಗ್ಯಾರೆತ್ ಕೇಳಿದ: "ನಿನ್ನ ಹಳೇ ಗೋಲ್‌ಕೀಪರ್ ಬಗ್ಗೆ ಹೇಳು."

ಹೇಳಿದೆ. ಮೊಣಕಾಲಿನ ಆಪರೇಷನ್ ಆದಮೇಲೆ ಟೋಬಿ ಎಡಕ್ಕೆ ಹಾರಲು ಒಂದು ಕ್ಷಣ ಹೆದರುತ್ತಾನೆ. ಇದು ಯಾವ ವಿಡಿಯೊದಲ್ಲೂ ಕಾಣುವುದಿಲ್ಲ. ಅವನನ್ನು ಫಿಸಿಯೊ ಹತ್ತಿರ ಕಾರಿನಲ್ಲಿ ಕರೆದೊಯ್ಯುತ್ತಿದ್ದವನು ನಾನು. ಆ ಹೆದರಿಕೆಯನ್ನು ಅವನು ನನಗೊಬ್ಬನಿಗೇ ಹೇಳಿಕೊಂಡಿದ್ದ.

ಇವತ್ತು ಕೊನೆಗಳಿಗೆಯಲ್ಲಿ ನಮಗೆ ಪೆನಾಲ್ಟಿ ಸಿಕ್ಕಿತು. ನಮ್ಮವನು ಟೋಬಿಯ ಎಡಕ್ಕೇ ಒದ್ದ. ಗೋಲ್. ಗ್ಯಾರೆತ್ ಕೆಳಗಿನಿಂದಲೇ ನನ್ನತ್ತ ಹೆಬ್ಬೆರಳು ಎತ್ತಿ ತೋರಿಸಿದ.

ಮನೆಗೆ ಬಂದರೆ ಹೆಂಡತಿ ಗಿರಿಜಾ, "ಗೆದ್ದೀರಂತಲ್ರೀ, ಮತ್ಯಾಕ ಮಾರಿ ಸಣ್ಣ ಮಾಡೀರಿ?" ಎಂದಳು. ಊಟಕ್ಕೆ ಬಡಿಸು ಎಂದು ಕೈಕಾಲು ತೊಳೆಯಲು ಹೋದೆ.

ಪಂದ್ಯ ಮುಗಿದಮೇಲೆ ಟೋಬಿ ಮೆಟ್ಟಿಲು ಹತ್ತಿ ನನ್ನ ಹತ್ತಿರ ಬಂದಿದ್ದ. ಬೈಯುತ್ತಾನೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

"ಸಾರಿ ಕೋಚ್, ಮತ್ತೆ ಹೆದರಿಬಿಟ್ಟೆ" ಎಂದ.

ಈ ವರ್ಷ ನನ್ನನ್ನು ಕೋಚ್ ಎಂದು ಕರೆದವನು ಅವನೊಬ್ಬನೇ. ಪರವಾಗಿಲ್ಲ ಬಿಡು ಎಂದು ಅವನ ಬೆನ್ನು ತಟ್ಟಿದೆ.