ನೇರಳೆ ಮೊಳಕೆ

ರೀ,

ನಾನು ಬಿತ್ತನೆ ಅಂಗಡಿಗೆ ಹೊರಟೆ. ಹೊಲಕ್ಕೆ ಇಳಿಯೋ ಮೊದಲು ಇದನ್ನು ಪೂರ್ತಿ ಓದಿ.

ಅಟ್ಟದ ಮೇಲಿನ ಬಿತ್ತನೆ ಆಲೂಗಡ್ಡೆಯ ಎರಡು ಟ್ರೇಗಳ ಲೇಬಲ್ ಅದಲು ಬದಲು ಮಾಡಿದ್ದು ನೀವೇ. ಬೆಕ್ಕಿನ ಮೇಲೆ ಹಾಕಬೇಡಿ. ಸಿಪ್ಪೆ ಒಂದೇ ಥರ ಇದ್ದರೂ ಅಂಗಮಾರಿ ರೋಗ ತಡೆಯೋ ತಳಿಗೆ ಗುಲಾಬಿ ಮೊಳಕೆ, ನಿಮ್ಮ ಮುದ್ದಿನ ತಳಿಗೆ ನೇರಳೆ. ಇಪ್ಪತ್ತು ವರ್ಷ ಆಲೂಗಡ್ಡೆ ಬೆಳೆದವರಿಗೆ ಇಷ್ಟೂ ಹೊಳೀಲಿಲ್ವಾ? ನಾನು ಮೊಳಕೆ ನೋಡದೇ ಲೇಬಲ್ ನಂಬಿದ್ದರೆ, ನಿಮ್ಮ ತಳಿಯ ಬದಲು ಒಳ್ಳೇ ಬಿತ್ತನೆಯೆಲ್ಲ ಪಕ್ಕದ ಮನೆ ಹಂದಿಯ ಹೊಟ್ಟೆ ಸೇರ್ತಿತ್ತು!

ಹೋದ ಸಲ ನಿಮ್ಮ ಆ ತಳಿಯ ಎಲೆ ಕಪ್ಪಾಗಿ, ನಾಲ್ಕೇ ದಿನದಲ್ಲಿ ಇಡೀ ಹೊಲ ಗಬ್ಬು ನಾರಿದ್ದು ಮರೆತುಹೋಯ್ತಾ? ಆಗಲೂ ಕೊಳೆತ ಗಡ್ಡೆ ಕೈಯಲ್ಲಿ ಹಿಡ್ಕೊಂಡು "ಏನೇ ಹೇಳು, ರುಚಿ ಅಂದ್ರೆ ಇದರದ್ದೇ ಕಣೇ" ಅಂತ ನಿಂತಿದ್ರಿ.

ಗುಲಾಬಿ ಮೊಳಕೆಯವನ್ನು ಇವತ್ತೇ ಮೇಲಿನ ಪಾತಿಗೆ ಹಾಕಿ. ಮೊಳಕೆ ಮುರೀಬೇಡಿ. ಕೆಳಗಿನ ಪಾತಿ ಮುಟ್ಟಬೇಡಿ. ಕಜ್ಜಿರೋಗವೂ ಹತ್ತದ ಇನ್ನೊಂದು ತಳಿ ಬಂದಿದೆಯಂತೆ, ಅಲ್ಲಿಗೆ ಅದನ್ನು ತರ್ತೀನಿ. ಒಂದು ಕೈಕೊಟ್ಟರೆ ಇನ್ನೊಂದಾದರೂ ಇರಲಿ.

ನೇರಳೆಯವನ್ನು ಹುಡುಕಬೇಡಿ. ಮೊಳಕೆ ಕಿತ್ತು, ಬೇಯಿಸಿ ಹಂದಿಗೆ ಹಾಕಿ ಬಂದೆ. ರುಚಿಯ ವಿಷಯದಲ್ಲಿ ಅದಕ್ಕೂ ನಿಮ್ಮದೇ ಅಭಿಪ್ರಾಯ.

ಆರು ಗಡ್ಡೆ ಮಾತ್ರ ಉಳಿಸಿ, ಬಾಗಿಲ ಪಕ್ಕದ ಒಡೆದ ಟಬ್ಬಿನಲ್ಲಿ ನೆಟ್ಟಿದ್ದೀನಿ. ಹೊಲದಿಂದ ಅಷ್ಟು ದೂರ ಇರಲಿ. ದಿನಾ ಎಲೆ ಮಗುಚಿ ನೋಡೋದು ನಿಮ್ಮ ಕೆಲಸ. ಒಂದೇ ಒಂದು ಕಪ್ಪು ಚುಕ್ಕೆ ಕಂಡರೂ ಬೇರುಸಹಿತ ಕಿತ್ತುಹಾಕ್ತೀನಿ, ಅಳಬಾರದು.

ನಿಮಗೋಸ್ಕರ ನೆಟ್ಟೆ ಅಂತ ಬೀಗಬೇಡಿ. ರುಚಿ ಅಂದ್ರೆ ನನಗೂ ಅದರದ್ದೇ. ಇದನ್ನು ಯಾರ ಹತ್ರನಾದರೂ ಬಾಯಿಬಿಟ್ಟಿರೋ, ಆ ಟಬ್ಬೂ ಇರಲ್ಲ.