ಹಸುವಿನ ಅಂಡಾಣುವಿಗೂ ನನ್ನ ತಂಗಿಗೂ ಏನು ಸಂಬಂಧ?

ರಾಸಾಯನಿಕಗಳಿಗೆ ‘ಸುರಕ್ಷಿತ’ ಎಂಬ ಮುದ್ರೆ ಒತ್ತುವ ಮಾನ್ಯ ಅಧಿಕಾರಿಗಳೇ,

ಆಸ್ಪತ್ರೆಗಳಲ್ಲಿ ನೆಲ, ಮೇಜು ಒರೆಸುವ ನೀಲಿ ಕ್ರಿಮಿನಾಶಕ ತಾಗಿದರೆ ಹಸುವಿನ ಅಂಡಾಣುಗಳು ಸಾಯುತ್ತಿವೆ ಎಂದು ನಮ್ಮ ಪ್ರಯೋಗಾಲಯ ವರದಿ ಕಳಿಸಿತ್ತು. ಎಂಟು ತಿಂಗಳು ಯೋಚಿಸಿ ತಾವು ಎರಡು ಸಾಲಿನ ಉತ್ತರ ದಯಪಾಲಿಸಿದ್ದೀರಿ: “ಹಸುವಿನ ಫಲಿತಾಂಶ ಮಹಿಳೆಯರಿಗೆ ಅನ್ವಯಿಸದು. ಮಹಿಳೆಯರಿಂದಲೇ ಪಡೆದ ಸಾಕ್ಷ್ಯ ಒದಗಿಸಿ.” ಆಸ್ಪತ್ರೆಯೊಂದರಲ್ಲಿ ಒರೆಸುವ ಕೆಲಸ ಮಾಡುವ ನನ್ನ ತಂಗಿ ದಿನವಿಡೀ ಆ ದ್ರವದಲ್ಲೇ ಕೈ ಅದ್ದುತ್ತಾಳೆ. ಅವಳೀಗ ಏಳು ವಾರದ ಬಸುರಿ. ನಿಮ್ಮ ಕಡತ ನಡೆಯುವ ವೇಗಕ್ಕೆ ಅವಳ ಹೊಟ್ಟೆ ಕಾಯುವುದಿಲ್ಲ.

ನಾನು ಹನ್ನೊಂದು ವರ್ಷದಿಂದ ಆ ಪ್ರಯೋಗಾಲಯದ ಸಹಾಯಕಿ. ವಾರಕ್ಕೆ ಮೂರು ದಿನ ಬೆಳಿಗ್ಗೆ ಕಸಾಯಿಖಾನೆಯ ಹಿಂಬಾಗಿಲಲ್ಲಿ ನಿಲ್ಲುತ್ತೇನೆ. ಹೇಗೂ ಎಸೆಯುವ ಅಂಡಾಶಯಗಳನ್ನು, ನಾವು ಮೀಸೆಯಣ್ಣ ಎನ್ನುವ ಕೆಲಸಗಾರ ನನ್ನ ಫ್ಲಾಸ್ಕಿನ ಬೆಚ್ಚಗಿನ ಉಪ್ಪುನೀರಿಗೆ ಹಾಕುತ್ತಾನೆ. ತಣ್ಣಗಾದರೆ ಕೆಲಸ ಕೆಟ್ಟಿತು. ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಬರುತ್ತೇನೆ. ಒಮ್ಮೆ ಪಕ್ಕದ ಹೆಂಗಸು, “ಒಂದು ಗುಟುಕು ಟೀ ನಮಗೂ ಕೊಡಬಾರ್ದೇನ್ರೀ?” ಎಂದಿದ್ದರು. ಸೂಜಿಯಿಂದ ಅಂಡಾಣು ತೆಗೆದು, ಅರ್ಧಕ್ಕೆ ಪರೀಕ್ಷೆಯ ರಾಸಾಯನಿಕ ಬೆರೆಸಿ, ಉಳಿದರ್ಧಕ್ಕೆ ಏನೂ ಬೆರೆಸದೆ ಇನ್‌ಕ್ಯುಬೇಟರಿನ ಕಾವಿನಲ್ಲಿಡುತ್ತೇವೆ. ಏನೂ ಬೆರೆಸದವು ಚೆನ್ನಾಗಿ ಬಲಿಯಬೇಕು. ಅವೇ ನಮ್ಮ ಅಳತೆಗೋಲು.

ಎರಡು ವರ್ಷದ ಹಿಂದೆ ಅವೇ ಸಾಯತೊಡಗಿದವು. ಮೀಸೆಯಣ್ಣನನ್ನು ಬೈದೆವು, ಫ್ಲಾಸ್ಕ್ ಬದಲಿಸಿದೆವು, ನೀರು ಬದಲಿಸಿದೆವು. ಕೊನೆಗೆ ಕೊಳೆಯೇ ಕಾರಣವೆಂದು ತೀರ್ಮಾನಿಸಿದ ಜಾಣೆ ನಾನು. ಪ್ರಯೋಗಾಲಯದಲ್ಲಿ ಅದೇ ನೀಲಿ ದ್ರವದಿಂದ ಒರೆಸುವ ಕೆಲಸಕ್ಕೆ ನಾನೇ ಸೇರಿಸಿದ್ದ ತಂಗಿಗೆ, “ಒಂದ್ಸಲ ಸಾಲ್ದು ಕಣೇ, ದಿನಕ್ಕೆ ಮೂರ್ಸಲ ಒರ್ಸು. ಇನ್‌ಕ್ಯುಬೇಟರ್ ಒಳಗಿನ ತಟ್ಟೆನೂ ಬಿಡ್ಬೇಡ” ಎಂದೆ.

“ಕೈಯೆಲ್ಲ ಉರಿಯುತ್ತಕ್ಕಾ.”

“ಗ್ಲೌಸ್ ಹಾಕ್ಕೊ.”

ಇದ್ದ ಗ್ಲೌಸು ಹರಿದಿತ್ತು. ಅಂಡಾಣುಗಳು ಇನ್ನೂ ಹೆಚ್ಚು ಸತ್ತವು; ನಾನು ಇನ್ನೂ ಹೆಚ್ಚು ಒರೆಸಿದೆ, ಅವಳ ಕೈಯಿಂದ. ಆ ವರ್ಷ ಅವಳಿಗೆ ಎರಡು ಸಲ ಗರ್ಭ ನಿಂತಿತು, ಎರಡು ಸಲವೂ ಹೋಯಿತು. ಎರಡನೆಯ ಸಲ ಆಸ್ಪತ್ರೆ ಸೇರಿದವಳು ಹದಿನೈದು ದಿನ ಕೆಲಸಕ್ಕೆ ಬರಲಿಲ್ಲ. ಒರೆಸುವವರೇ ಇರಲಿಲ್ಲ. ಅಂಡಾಣುಗಳು ಸೊಗಸಾಗಿ ಬಲಿತವು! ಸೂಕ್ಷ್ಮದರ್ಶಕದ ಮುಂದೆ ಕೂತವಳಿಗೆ ಆಗ ವಿಷಯ ಹೊಳೆಯಿತು: ಕೊಲ್ಲುತ್ತಿದ್ದದ್ದು ಕೊಳೆಯಲ್ಲ, ಒರೆಸುವ ದ್ರವ. ಆಮೇಲೆ ಆ ದ್ರವವನ್ನೇ ಹನಿಯ ಸಾವಿರದಲ್ಲೊಂದು ಪಾಲಿನಷ್ಟು ಬೆರೆಸಿ ನೋಡಿದೆವು; ಅಷ್ಟಕ್ಕೇ ಅಂಡಾಣುಗಳು ಸತ್ತವು. ಅದೇ ನೀವು ತಳ್ಳಿಹಾಕಿದ ವರದಿ.

ತಂಗಿಯ ಗರ್ಭ ಹೋದದ್ದು ಅದರಿಂದಲೇ ಎಂದು ನಾನು ಪ್ರಮಾಣ ಮಾಡಲಾರೆ. ಅದರಿಂದಲ್ಲ ಎಂದು ತಾವು ಮಾಡಬಲ್ಲಿರಾ? ಇಲಿಗಳಿಗೆ ಏನೂ ಆಗಲಿಲ್ಲ ಎಂದು ತಯಾರಕರು ಹೇಳಿದಾಗ, ಇಲಿ ಹೆಂಗಸಲ್ಲವಲ್ಲ ಎಂದು ತಾವು ಕೇಳಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ ಮುದ್ರೆ ಒತ್ತಿದಿರಿ. ಇಲಿ ಬದುಕಿದರೆ ನಮ್ಮ ನೆಂಟ, ಹಸು ಸೋತರೆ ಯಾರೋ ಬೇರೆಯವಳೇ? ಒಂದೇ ಬಾರಿಗೆ ಹತ್ತು ಮರಿ ಹಾಕುವ ಇಲಿಗಿಂತ, ಸಾಮಾನ್ಯವಾಗಿ ಒಂದೊಂದೇ ಅಂಡಾಣು ಬಲಿಸಿ ಒಂಬತ್ತು ತಿಂಗಳು ಹೊರುವ ಹಸು ಈ ವಿಷಯದಲ್ಲಿ ನಮಗೆ ಹತ್ತಿರವಲ್ಲವೇ?

ತಂಗಿಯನ್ನು ಪ್ರಯೋಗಾಲಯದಿಂದ ಬಿಡಿಸಿದೆ. ಅವಳಿಗೆ ಸಿಕ್ಕ ಆಸ್ಪತ್ರೆಯ ಕೆಲಸದಲ್ಲೂ ಅದೇ ನೀಲಿ ಡಬ್ಬ. ಅಲ್ಲಿನ ಮೇಲ್ವಿಚಾರಕಿಯನ್ನು ಬೇಡಿಕೊಂಡೆ. “ಮೇಲಿನವ್ರೇ ಸೇಫ್ ಅಂದಿದಾರೆ, ನಿಂದೇನಮ್ಮ?” ಎಂದರು. ಕೆಲಸ ಬಿಟ್ಟುಬಿಡು ಎಂದು ತಂಗಿಗೆ ಹೇಳಿದೆ. “ಬಿಟ್ರೆ ಹೆರಿಗೆ ರಜೆನೂ ಇಲ್ಲ, ಚಿಕಿತ್ಸೆನೂ ಇಲ್ಲ. ನೀನೇ ಅವ್ರಿಗೆ ಬರಿ ಅಕ್ಕಾ, ಓದಿರೋರು, ಕೇಳ್ತಾರೆ” ಎಂದಳು. ಅವಳಿಗೆ ನಿಮ್ಮ ಮೇಲೆ ಇನ್ನೂ ನಂಬಿಕೆ ಇದೆ.

ನಿಷೇಧಿಸಿ ಎಂದು ಕೇಳುವಷ್ಟು ಧೈರ್ಯ ನನಗಿಲ್ಲ. ಬೇರೊಂದು ಪ್ರಯೋಗಾಲಯದಲ್ಲಿ ಮರುಪರೀಕ್ಷೆ ಮಾಡಿಸಿ. ಅದು ಮುಗಿಯುವವರೆಗೆ ಬಸುರಿಯರ ಕೈಗೆ ಆ ದ್ರವ ಕೊಡಬಾರದೆಂದು ಒಂದು ಸಾಲಿನ ಆದೇಶ ಹೊರಡಿಸಿ. ಮಹಿಳೆಯರ ಸಾಕ್ಷ್ಯ ಬೇಕೆಂದಿರಿ. ಅದು ಸಿಗಬೇಕಾದರೆ ನನ್ನ ತಂಗಿ ಇನ್ನೊಂದು ಸಲ ಕಳೆದುಕೊಳ್ಳಬೇಕು. ಆ ಸಾಕ್ಷ್ಯವನ್ನು ನಾನು ತರಲಾರೆ, ಸ್ವಾಮಿ. ಆದೇಶ ಇವತ್ತೇ ಆಗಲಿ. ನಾಳೆ ಬೆಳಿಗ್ಗೆ ಆರಕ್ಕೆ ಅವಳ ಪಾಳಿ ಶುರು.

ಇಂತಿ,
ದೊಡ್ಡಮ್ಮನಾಗಲು ಮೂರನೇ ಸಲ ಕಾಯುತ್ತಿರುವ
ಒಬ್ಬ ಪ್ರಯೋಗಾಲಯ ಸಹಾಯಕಿ